ಹೊತ್ತಲ್ಲದ ಹೊತ್ತಿನ ರೊಟ್ಟಿ

ಗಂಡ ನನ್ನನ್ನು ಹೊಡೆಯಲು ಶುರುಮಾಡಿದರೆ ನಮ್ಮ ಅತ್ತೆ ರೊಟ್ಟಿ ಬಡಿಯಲು ಕೂರುತ್ತಿದ್ದರು. ಅತ್ತೆಯ ರೊಟ್ಟಿಯ ಸದ್ದು ಕೇಳಿದ ಕೂಡಲೇ ಪಕ್ಕದ ಖೋಲಿಯವರು ಟಿವಿ ಜೋರು ಮಾಡುತ್ತಿದ್ದರು. ಟಿವಿ ಜೋರಾದ ಕೂಡಲೇ ನನ್ನ ಮಗಳು ಮಾಳಾದ ಅಟ್ಟದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದಳು. ಇಷ್ಟೆಲ್ಲ ವ್ಯವಸ್ಥೆ ಇರುವ ಮನೆಯಲ್ಲಿ ಪೆಟ್ಟು ತಿನ್ನುವವಳು ಬಾಯಿ ಬಿಟ್ಟರೆ ಹೇಗೆ? ನಾನು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ನಾವಿರುವುದು ಮುಂಬೈ ಜೋಗೇಶ್ವರಿಯ ಒಂದು ಚಾಳಿನಲ್ಲಿ. ಒಂದೇ ಖೋಲಿ. ಮೂಲೆಯಲ್ಲಿ ಪಾತ್ರೆ ತೊಳೆಯಲೂ ಮೈ ತೊಳೆಯಲೂ ಸೇರಿ ಒಂದೇ ಮೋರಿ, ತಲೆಯ ಮೇಲೆ ಹಲಗೆ ಹೊಡೆದು ಮಾಡಿದ ಮಾಳಾ, ಅದನ್ನು ಹತ್ತಲು ಒಂದು ಕಬ್ಬಿಣದ ಏಣಿ. ಗೋಡೆ ಇದೆ ಎನ್ನುವುದು ಮಾತಿಗೆ ಮಾತ್ರ. ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನು ನಮ್ಮದೇ ಎಂದುಕೊಂಡು ನಾನು ಗ್ಯಾಸ್ ಆರಿಸಿದ್ದುಂಟು. ಇಂಥ ಕಡೆ ಗುಟ್ಟು ಉಳಿಯಬೇಕಾದರೆ ಜನರ ದಾಕ್ಷಿಣ್ಯ ಬೇಕು. ಯಾರ ಮನೆಯಲ್ಲಿ ಹೊಡೆದಾಟವಾದರೂ ಅಕ್ಕಪಕ್ಕದವರು ಟಿವಿ ಜೋರು ಮಾಡಿ, ನಮಗೇನೂ ಕೇಳಿಸುತ್ತಿಲ್ಲ ಎಂದು ತಿಳಿಸುತ್ತಾರೆ. ಮರುದಿನ ನಲ್ಲಿಯ ಹತ್ತಿರ ಸಿಕ್ಕರೆ ಯಾರೂ ಏನೂ ಕೇಳುವುದಿಲ್ಲ. ಇದನ್ನು ನಾವು ಒಳ್ಳೆಯತನ ಎಂದೇ ತಿಳಿದಿದ್ದೆವು. ಬೇರೆಯವರಿಗಾಗಿ ನಾನೂ ಎಷ್ಟೋ ಸಲ ರಿಮೋಟ್ ಒತ್ತಿದ್ದೇನೆ.

ಅತ್ತೆ ವಿಜಯಪುರದ ಕಡೆಯವರು, ನಾನೂ ಅದೇ ಕಡೆಯವಳು. ಅವರ ಗಂಡ ಗೌಂಡಿ ಕೆಲಸಕ್ಕೆಂದು ಮುಂಬೈಗೆ ಬಂದು, ಊರಿನವರ ಕಟ್ಟಡಗಳನ್ನೆಲ್ಲ ಎತ್ತರಕ್ಕೆ ಏರಿಸಿ, ತಮಗೊಂದು ಖೋಲಿ ಮಾಡಿಕೊಂಡು ತೀರಿಕೊಂಡರು. ಖೋಲಿ ಈಗ ಅತ್ತೆಯ ಹೆಸರಿನಲ್ಲಿದೆ. ಚಾಳಿನಲ್ಲಿ ಅವರಿಗೆ ಹೆಸರು ಬಂದದ್ದು ಮಾತ್ರ ರೊಟ್ಟಿಯಿಂದ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿ, ಪರಾತದ ಅಗಲ ತಟ್ಟೆಯಲ್ಲಿ ಒಂದು ಉಂಡೆ ಇಟ್ಟು ಅಂಗೈಯಿಂದ ಬಡಿದರೆಂದರೆ ಹಂಚಿನಷ್ಟು ಅಗಲ, ಕಾಗದದಷ್ಟು ತೆಳು. ನಾನು ಹೊಸ ಸೊಸೆಯಾಗಿ ಬಂದಾಗ ಲಟ್ಟಣಿಗೆ ಹಿಡಿದು ರೊಟ್ಟಿ ಲಟ್ಟಿಸಲು ಕೂತಿದ್ದೆ. ಅತ್ತೆ ನೋಡಿದರು, ಲಟ್ಟಣಿಗೆ ಕಿತ್ತುಕೊಂಡರು, ಮಾಳಾದ ಮೇಲೆ ಎಸೆದರು.

"ಕೈಲಾಗದವರು ಲಟ್ಟಸ್ತಾರ. ನಮ್ಮ ಮನ್ಯಾಗ ಬಡೀತೀವಿ," ಅಂದರು.

ಅವರ ಮಾತು ಎಷ್ಟು ನಿಜ ಎಂದು ವಾರದೊಳಗೇ ಗೊತ್ತಾಯಿತು.

ಗಂಡ ಮೊದಲ ಸಲ ಹೊಡೆದಾಗ ಮಧ್ಯಾಹ್ನ. ಊಟ ಮುಗಿದು ಪಾತ್ರೆ ತೊಳೆದಾಗಿತ್ತು. ನನ್ನ ಕೂದಲು ಅವನ ಮುಷ್ಟಿಯಲ್ಲಿತ್ತು, ನನ್ನ ಹಣೆ ಕಪಾಟಿನ ಬಾಗಿಲಿಗೆ ಬಡಿಯುತ್ತಿತ್ತು. ಆಗ ಅತ್ತೆ ಎದ್ದರು. ಬಿಡಿಸಲು ಬಂದರು ಎಂದುಕೊಂಡೆ. ಅವರು ನಮ್ಮನ್ನು ದಾಟಿ ಹೋಗಿ ಡಬ್ಬದಿಂದ ಹಿಟ್ಟು ತೆಗೆದು, ತಣ್ಣೀರಿನಲ್ಲೇ ಕಲಸಿ, ಬಡಿಯತೊಡಗಿದರು. ರೊಟ್ಟಿ ಬಡಿದು ಗೊತ್ತಿದ್ದವರಿಗೆ ಅದರ ಸದ್ದಿನ ಲಯವೂ ಗೊತ್ತಿರುತ್ತದೆ. ಬಡಿಯಬೇಕು, ತಿರುಗಿಸಬೇಕು, ಹಂಚಿಗೆ ಹಾಕಬೇಕು, ನೀರು ಸವರಬೇಕು. ನಡುನಡುವೆ ಸದ್ದು ನಿಲ್ಲುತ್ತದೆ. ಅತ್ತೆಯ ಹೊತ್ತಲ್ಲದ ಹೊತ್ತಿನ ರೊಟ್ಟಿ ನಿಲ್ಲುತ್ತಿರಲಿಲ್ಲ. ಉಂಡೆ ತೆಳುವಾಗಿ ಹರಿದು ಹೋದರೆ ಮತ್ತೆ ಮುದ್ದೆ ಮಾಡಿ ಮತ್ತೆ ಬಡಿಯುತ್ತಿದ್ದರು. ಅವನ ಕೈ ಸೋತು ಹೊರಗೆ ಹೋದ ಮೇಲೆ, ಆ ಸತ್ತ ಹಿಟ್ಟನ್ನು ಸುಟ್ಟು ಬುಟ್ಟಿಗೆ ಹಾಕುತ್ತಿದ್ದರು. ಹಿಟ್ಟು ಚೆಲ್ಲುವ ಜಾತಿಯಲ್ಲ ನಮ್ಮದು. ಚಪ್ಪಲಿಯ ಅಟ್ಟೆಯಂಥ ಆ ರೊಟ್ಟಿಯನ್ನು ಮರುದಿನ ನನ್ನ ಡಬ್ಬಿಗೆ ಕಟ್ಟುತ್ತಿದ್ದರು. ಹೀಗೆ ತಿಂದ ಪೆಟ್ಟನ್ನೇ ನಾನು ಮತ್ತೊಮ್ಮೆ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆ.

ಡಬ್ಬಿ ಒಯ್ಯುತ್ತಿದ್ದದ್ದು ಕೆಲಸಕ್ಕೆ. ನಮ್ಮ ಚಾಳಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳಿವೆ, ಇಲ್ಲಿ ಅವಕ್ಕೆ ಗಾಳಾ ಎನ್ನುತ್ತಾರೆ. ನಮ್ಮ ಗಾಳಾದಲ್ಲಿ ಬಾಟಲಿಯ ಮುಚ್ಚಳ ಮಾಡುತ್ತಾರೆ. ನಾನು ಕೈಯಿಂದ ಎಳೆಯುವ ಪ್ರೆಸ್ಸಿನ ಮೇಲೆ ಕೂರುತ್ತೇನೆ. ದಿನವಿಡೀ ಅದರ ಹಿಡಿಕೆ ಎಳೆದು ಎಳೆದು ನನ್ನ ಬಲಗೈ ಗಂಡಸರ ಕೈಯಂತಾಗಿದೆ. ಮೆಷಿನ್ನುಗಳ ಗದ್ದಲದಲ್ಲಿ ಮಾತಾಡಬೇಕಾದರೆ ಹೊಟ್ಟೆಯಿಂದ ಕೂಗಬೇಕು. ಅಲ್ಲಿ ನನ್ನಷ್ಟು ದೊಡ್ಡ ದನಿ ಯಾರದೂ ಇಲ್ಲ. ಮೂಲೆಯಲ್ಲಿದ್ದವನ ಮೆಷಿನ್ ಬಿಗಿಯಾದರೆ ಈ ಮೂಲೆಯಿಂದ ನಾನೇ ಕೂಗಿ ಮಾಲು ನಿಲ್ಲಿಸುತ್ತೇನೆ. "ಭಾಭೀ ಕೋ ಮೈಕ್ ನಹೀ ಮಂಗ್ತಾ," ಎಂದು ಸೂಪರ್‌ವೈಜರ್ ನಗುತ್ತಾನೆ.

ಮನೇಲಿ ಹುಲಿ, ಬೀದೀಲಿ ಇಲಿ ಎಂದು ಗಾದೆ. ಅದು ನನ್ನ ಗಂಡನಿಗೆ ಹೊಲಿಸಿದ ಅಂಗಿ. ಅವನು ಅಂಧೇರಿಯ ಟವರ್ ಒಂದರ ಸೇಠನ ಕಾರ್ ಡ್ರೈವರ್. ಇಡೀ ದಿನ ಬಾಗಿಲು ತೆರೆದು ಹಿಡಿಯುವುದು, ಜೀ ಸಾಬ್ ಎನ್ನುವುದು, ಸೇಠನ ನಾಯಿ ಕಾರಿನಲ್ಲಿ ಗಲೀಜು ಮಾಡಿದರೆ ಬಳಿಯುವುದು. ನನ್ನ ಲೆಕ್ಕ ಉಲ್ಟಾ. ಗಾಳಾದಲ್ಲಿ ಹುಲಿ, ಮನೆಯಲ್ಲಿ ಇಲಿ. ಇಬ್ಬರೂ ಸೇರಿ ಒಂದು ಪೂರ್ತಿ ಹುಲಿಯನ್ನೂ ಒಂದು ಪೂರ್ತಿ ಇಲಿಯನ್ನೂ ಸಾಕಿದ್ದೆವು. ಗಂಡನನ್ನು ಅವನು ಎಂದು ಬರೆಯುತ್ತಿದ್ದೇನೆ, ಓದುವವರು ಕ್ಷಮಿಸಲಿ. ಬಹಳ ವರ್ಷ ಅವರು ಎಂದೇ ಅಂದಿದ್ದೆ, ಆ ಮರ್ಯಾದೆ ಖರ್ಚಾಗಿ ಹೋಯಿತು.

ಹೊಡೆಯಲು ಕಾರಣ ಬೇಕಿರಲಿಲ್ಲ. ಸೇಠ ಬೈದ ದಿನ ಬೆಲ್ಟು. ಸೇಠ ಹೊಗಳಿದ ದಿನ ಕುಡಿತ, ಕುಡಿತದ ಮೇಲೆ ಬೆಲ್ಟು. ಹೊಡೆತದಲ್ಲೂ ಅವನಿಗೆ ಡ್ರೈವರನ ಎಚ್ಚರವಿತ್ತು, ಹೊರಗೆ ಕಾಣುವ ಕಡೆ ಗೀರು ಬೀಳಬಾರದು. ಬೆನ್ನು, ಪಕ್ಕೆ, ತೊಡೆ. ಒಮ್ಮೆ ಮಾತ್ರ ಗುರಿ ತಪ್ಪಿ ನನ್ನ ಹಲ್ಲು ಮುರಿಯಿತು. ಮುನಿಸಿಪಾಲ್ಟಿ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರೆ, ಮೋರಿಯಲ್ಲಿ ಜಾರಿಬಿದ್ದೆ ಎಂದೆ. ನಮ್ಮ ಚಾಳಿನ ಹೆಂಗಸರೆಲ್ಲ ಮೋರಿಯಲ್ಲೇ ಜಾರಿ ಬೀಳುತ್ತಾರೆ. ಡಾಕ್ಟರಮ್ಮ ನನ್ನ ಮುಖ ನೋಡಿದರು, ಔಷಧಿ ಬರೆದರು.

ಫೋನಿನಲ್ಲಿ ನಮ್ಮವ್ವ ಹೇಳುತ್ತಿದ್ದದ್ದು ಎಲ್ಲ ಅವ್ವಂದಿರೂ ಹೇಳುವುದೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಈ ಗಾದೆ ಕಟ್ಟಿದವನು ಉಣ್ಣದೆ ಮಲಗಿದ ಹೆಂಗಸನ್ನು ಕಂಡಿರಲಿಕ್ಕಿಲ್ಲ. ತಾಳಿದವರು ಬಾಳಿಯಾರು ಎಂಬುದು ಇನ್ನೊಂದು. ನಾನು ಅದನ್ನು ನಂಬಿದ್ದೆ, ಅದೇ ನನ್ನ ಜಂಬವೂ ಆಗಿತ್ತು. ಎಷ್ಟು ಹೊಡೆದರೂ ನನ್ನ ಬಾಯಿಂದ ಒಂದು ಸೊಲ್ಲು ಬರುವುದಿಲ್ಲ, ನನ್ನಷ್ಟು ಗಟ್ಟಿ ಯಾರೂ ಇಲ್ಲ ಎಂದುಕೊಳ್ಳುತ್ತಿದ್ದೆ. ಒಮ್ಮೆ ಯಾವುದೋ ಸಂಸ್ಥೆಯ ಮೇಡಮ್ ಒಬ್ಬರು ಗಾಳಾಕ್ಕೆ ಬಂದು, ಮೆಷಿನ್ ನಿಲ್ಲಿಸಿ, ನಮಗೆಲ್ಲ ಸಮೋಸ ಕೊಡಿಸಿ ಭಾಷಣ ಮಾಡಿದರು. ಕಷ್ಟಕ್ಕೆ ಬಗ್ಗಬೇಡಿ, ಒಳಗಿಂದ ಬೆಳೆಯಿರಿ, ನೀವು ನೀವಾಗಿಯೇ ಇರಿ ಎಂದು ಹಿಂದಿಯಲ್ಲಿ ಹೇಳಿದರು. ಸಮೋಸ ಚೆನ್ನಾಗಿತ್ತು. ನಾನು ನಾನಾಗಿ ಇರಬೇಕೆಂದರೆ ಯಾವ ನಾನು, ಪ್ರೆಸ್ಸಿನ ಮೇಲೆ ಕೂಗುವವಳೋ ಸೆರಗು ಕಚ್ಚುವವಳೋ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಮೆಷಿನ್ ಶುರುವಾಯಿತು.

ಮಗಳ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಅದೇ ನಾನು ಮಾಡಿದ ಹುಚ್ಚುತನ. ಅವಳು ಇಂಗ್ಲಿಷ್ ಶಾಲೆ ಮುಗಿಸಿ ಜೂನಿಯರ್ ಕಾಲೇಜಿಗೆ ಹೋಗುತ್ತಿದ್ದಳು. ಕನ್ನಡ ತಿಳಿಯುತ್ತದೆ, ಆಡುವಾಗ ತಡವರಿಸಿ ಹಿಂದಿಗೆ ಜಾರುತ್ತಾಳೆ. ಮಾಳಾದ ಮೇಲೆ ಕಿವಿ ಮುಚ್ಚಿಕೊಂಡು ಪುಸ್ತಕ ಹಿಡಿದು ಕೂತವಳಿಗೆ ಕೆಳಗಿನದೇನೂ ತಟ್ಟುವುದಿಲ್ಲ, ಇವಳು ಓದಿ ಈ ಖೋಲಿಯಿಂದ ಹಾರಿಹೋಗುತ್ತಾಳೆ ಎಂದು ನಂಬಿದ್ದೆ. ನಾನು ತಾಳಿದ್ದೆಲ್ಲ ಅದಕ್ಕಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಮ್ಮ ಮನೆಯ ಸದ್ದು ಅವಳಿಗೆ ಮುಟ್ಟದಿದ್ದರೆ ಸಾಕಿತ್ತು.

ನಾನು ಹೇಳಹೊರಟ ಆ ಭಾನುವಾರದ ಹೊತ್ತಿಗೆ ಅತ್ತೆಯ ಬಲಗೈಯ ಮಣಿಕಟ್ಟು ಬಾತು ಬಹಳ ದಿನವಾಗಿತ್ತು. ನಾಕಾ ಹತ್ತಿರದ ಡಾಕ್ಟರ್ ಪಟ್ಟಿ ಸುತ್ತಿ, ಹಿಟ್ಟು ಮುಟ್ಟಬೇಡಿ ಎಂದಿದ್ದ. ಸಂಜೆ ಆರರ ಹೊತ್ತು. ಚಾಳಿನಲ್ಲೆಲ್ಲ ಕ್ರಿಕೆಟ್ ಮ್ಯಾಚು ನೋಡುತ್ತಿದ್ದರು. ನಾನು ಪರಾತದ ಮುಂದೆ ಕೂತು ಆಗಷ್ಟೇ ಹಿಟ್ಟು ನಾದಿದ್ದೆ. ಗಂಡ ಒಳಗೆ ಬಂದು ಕದ ಹಾಕಿದ. ಸೇಠನ ಹೊಸ ಕಾರಿಗೆ ಗೀರು ಬಿದ್ದಿತ್ತಂತೆ, ಸೇಠ ವಾಚ್‌ಮನ್‌ಗಳ ಮುಂದೆ ಇವನ ಕಾಲರ್ ಹಿಡಿದಿದ್ದನಂತೆ. ಅದೆಲ್ಲ ಆಮೇಲೆ ಗೊತ್ತಾದದ್ದು.

"ಚಾ ಕೊಡು," ಅಂದ.

"ಕೈಯಾಗ ಹಿಟ್ಟ ಐತ್ರಿ. ಈ ಒಂದ ರೊಟ್ಟಿ ಹಾಕಿ ಕೊಡತೀನಿ," ಅಂದೆ.

ಕಾಲು ಬಂದದ್ದು ಪಕ್ಕೆಗೆ. ನಾನು ಮೋರಿಯ ಕಡೆಗೆ ಉರುಳಿದೆ. ಕೂದಲು ಹಿಡಿದು ಎಳೆದುಕೊಂಡು ಹೋಗಿ ಕಪಾಟಿಗೆ ಒತ್ತಿದ. ಬೆಲ್ಟು ಬಿಚ್ಚಿದ. ಬಕಲ್ ಇರುವ ತುದಿಯನ್ನು ಯಾವತ್ತೂ ಕೈಯಲ್ಲಿ ಹಿಡಿಯುತ್ತಿದ್ದವನು ಅಂದು ಆ ತುದಿಯನ್ನೇ ಬೀಸಿದ. ಬೆನ್ನಿನ ಮೇಲೆ ಚರ್ಮ ಬಿರಿದದ್ದು ನನಗೆ ಗೊತ್ತಾಯಿತು. ಸೆರಗು ಬಾಯಿಗೆ ಹೋಯಿತು.

ಅತ್ತೆ ಅಭ್ಯಾಸದಂತೆ ಎದ್ದು ಪರಾತದ ಮುಂದೆ ಕೂತರು. ಪಟ್ಟಿ ಕಟ್ಟಿದ ಕೈಯಿಂದ ಒಮ್ಮೆ ಬಡಿದರು, ಯವ್ವಾ ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ಎಡಗೈಯಿಂದ ಬಡಿದರು, ಹಿಟ್ಟು ಮೆತ್ತಗೆ ಒತ್ತಿಕೊಂಡಿತೇ ಹೊರತು ಸದ್ದಾಗಲಿಲ್ಲ. ಪಕ್ಕದ ಮನೆಯ ಟಿವಿಯ ದನಿ ಇದ್ದಷ್ಟೇ ಇತ್ತು. ಬೆಲ್ಟಿನ ಸಪ್ಪಳ ಖೋಲಿಯ ತುಂಬ ಬಿಡಿ ಬಿಡಿಯಾಗಿ ಕೇಳಿಸಿತು. ಅವನಿಗೂ ಕೇಳಿಸಿತು. ಕೈ ನಿಲ್ಲಿಸಿ ಅವ್ವನ ಕಡೆ ತಿರುಗಿದ.

"ಯವ್ವಾ, ರೊಟ್ಟಿ ಬಡಿ," ಅಂದ.

"ಕೈ ಏಳವಲ್ದೋ ಯಪ್ಪಾ."

"ಬಡಿ ಅಂದ್ನೆಲ್ಲ."

ಅಷ್ಟು ವರ್ಷ ಅದು ಅತ್ತೆ ತಾವಾಗಿ ಮಾಡುತ್ತಿದ್ದ ಕೆಲಸ ಎಂದುಕೊಂಡಿದ್ದೆ. ಅವನೂ ಅದನ್ನು ಲೆಕ್ಕಕ್ಕೆ ಹಿಡಿದೇ ಹೊಡೆಯುತ್ತಿದ್ದ ಎಂದು ಆಗ ತಿಳಿಯಿತು. ಅತ್ತೆ ತಮ್ಮ ಕೈ ನೋಡಿಕೊಂಡರು, ಆಮೇಲೆ ಮಾಳಾದ ಕಡೆ ಮುಖ ಎತ್ತಿದರು.

"ಏ ಹುಡುಗಿ, ಕೆಳಗ ಬಾ. ಕುಂದ್ರು ಇಲ್ಲಿ. ರೊಟ್ಟಿ ಬಡಿ."

ಮಗಳು ಏಣಿ ಇಳಿದಳು. ಇಯರ್‌ಫೋನು ಕೊರಳಿಗೆ ಜೋತುಬಿದ್ದಿತ್ತು, ಅದರಿಂದ ಯಾವ ಹಾಡೂ ಬರುತ್ತಿರಲಿಲ್ಲ. ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ಪರಾತದ ಮುಂದೆ ಮಂಡಿ ಮಡಚಿ ಕೂತು ಬಡಿಯತೊಡಗಿದಳು. ಅವಳಿಗೆ ಯಾರೂ ರೊಟ್ಟಿ ಕಲಿಸಿರಲಿಲ್ಲ, ಓದುವ ಹುಡುಗಿಗೆ ಯಾಕೆ ಎಂದು ನಾನೇ ಬೇಡ ಅಂದಿದ್ದೆ. ಆದರೂ ಬಡಿದಳು. ತಿರುಗಿಸದೆ, ಹಂಚಿಗೆ ಹಾಕದೆ, ನಡುವೆ ಒಂದು ಉಸಿರೂ ಬಿಡದೆ, ಹರಿದರೆ ಮುದ್ದೆ ಮಾಡಿ ಮತ್ತೆ ಬಡಿದಳು. ಥೇಟ್ ಅಜ್ಜಿಯಂತೆಯೇ. ಇದೊಂದು ರೊಟ್ಟಿಯನ್ನು ಮಾತ್ರ ಮಾಳಾದ ಮೇಲೆ ಕೂತೇ ಕಲಿತಿದ್ದಳು. ಪಕ್ಕದ ಮನೆಯ ಟಿವಿ ಜೋರಾಯಿತು. ಅವನು ಬೆಲ್ಟು ಎತ್ತಿದ.

ನಾನು ಬಿದ್ದಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಅವನ ಕೈ ಇಳಿದಾಗ ಅವಳ ಕೈಯೂ ಇಳಿಯುತ್ತಿತ್ತು. ಅವನು ತಡೆದರೆ ಅವಳೂ ತಡೆಯುತ್ತಿದ್ದಳು, ಅವನು ಜೋರಾಗಿ ಬೀಸಿದರೆ ಅವಳೂ ಜೋರಾಗಿ ಬಡಿಯುತ್ತಿದ್ದಳು. ಪ್ರತಿ ಪೆಟ್ಟಿಗೂ ಅವಳ ಹೆಗಲು ಕಿವಿಯವರೆಗೆ ಎದ್ದು ಇಳಿಯುತ್ತಿತ್ತು. ನನ್ನ ಬೆನ್ನು ಉರಿಯುವುದು ನಿಂತಿತು. ನಾಳೆ ಯಾವುದೋ ಖೋಲಿಯಲ್ಲಿ ಇವಳು ಸೆರಗು ಕಚ್ಚಿಕೊಂಡು ಬಿದ್ದಿರುವುದು, ನಾನು ಪರಾತದ ಮುಂದೆ ಕೂತಿರುವುದು ಕಣ್ಣಿಗೆ ಬಂತು.

ಬಾಯಿಯಿಂದ ಸೆರಗು ಕಿತ್ತೆ.

"ಕೈ ತೆಗಿ," ಅಂದೆ.

ಅಂದೆ ಎಂದರೆ ಸುಳ್ಳಾಗುತ್ತದೆ. ಗಾಳಾದ ಈ ಮೂಲೆಯಿಂದ ಆ ಮೂಲೆಗೆ ಮಾಲು ನಿಲ್ಲಿಸುವ ದನಿಯಲ್ಲಿ ಕೂಗಿದೆ. ಅವನಿಗಲ್ಲ, ಮಗಳಿಗೆ. "ಆ ಹಿಟ್ಟಿನಾಗಿಂದ ಕೈ ತೆಗಿ. ಏಳ ಮ್ಯಾಲ." ಹಂಚು ನಡುಗಿತೋ ಇಲ್ಲವೋ ಗೊತ್ತಿಲ್ಲ, ಅವನು ಮಾತ್ರ ನಡುಗಿದ. ಅಷ್ಟು ವರ್ಷ ಕೂಡಿ ಬಾಳಿ ಅವನು ನನ್ನ ನಿಜವಾದ ದನಿ ಕೇಳಿರಲಿಲ್ಲ. ಪಕ್ಕದ ಟಿವಿ ಸಣ್ಣಗಾಯಿತು, ಅದರಾಚೆಯದೂ ಸಣ್ಣಗಾಯಿತು. ಗ್ಯಾಲರಿಯಲ್ಲಿ ಚಪ್ಪಲಿಗಳ ಸದ್ದು ಕೇಳಿಸಿತು.

"ಏ, ಬಾಯಿ ಮುಚ್ಚ," ಎಂದು ಅವನು ನನ್ನ ಬಾಯಿಗೆ ಕೈ ಅಡ್ಡ ಹಿಡಿಯಲು ಬಂದ. ಆ ಕೈ ಕಚ್ಚಿದೆ. ಉಪ್ಪುಪ್ಪಾಗಿ ರಕ್ತ ನಾಲಿಗೆಗೆ ಬಂತು. ಅವನು ಕಿರುಚಿ ಹಿಂದೆ ಸರಿದಾಗ ನಾನು ಎದ್ದು ಮಗಳ ಮುಂದಿನಿಂದ ಪರಾತ ಎತ್ತಿಕೊಂಡೆ. ಅಲ್ಯೂಮಿನಿಯಂ ಪರಾತ, ಅತ್ತೆಯ ಮದುವೆಯದು. ಹಿಟ್ಟಿನ ಸಮೇತ ಅವನ ತಲೆಗೆ ಹೊಡೆದೆ. ಪ್ರೆಸ್ ಎಳೆಯುವ ಕೈ ಅದು, ಒಂದೇ ಏಟಿಗೆ ಅವನು ಏಣಿಗೆ ಒರಗಿದ. ಇನ್ನೊಂದು ಹೊಡೆದೆ. ಹುಬ್ಬಿನ ಮೇಲೆ ಗಾಯ ಬಾಯಿ ಬಿಟ್ಟು ರಕ್ತ ಇಳಿಯಿತು, ಕೂದಲಿಗೆ ಅಂಟಿದ ಹಿಟ್ಟು ಕೆಂಪಾಯಿತು. ಅವನು ಕುಸಿದು ಕೂತ ಮೇಲೂ ಹೊಡೆದೆ. ಭುಜ, ಬೆನ್ನು, ಪಕ್ಕೆ, ಅವನು ನನಗೆ ಆರಿಸಿಕೊಂಡಿದ್ದ ಜಾಗಗಳಿಗೇ. ಖರೆ ಹೇಳುತ್ತೇನೆ, ಕೈಗೆ ರುಚಿ ಹತ್ತಿತ್ತು. ಅವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮುದುರಿದ್ದು ಕಂಡು ನನಗೆ ಕನಿಕರ ಬರಲಿಲ್ಲ, ಸಿಟ್ಟು ಇನ್ನೂ ಏರಿತು.

"ಮಮ್ಮಿ, ಬಸ್. ಬಸ್ ಕರೋ. ಪಪ್ಪಾ ಮರ್ ಜಾಯೇಂಗೇ."

ಸಾಕು, ಪಪ್ಪಾ ಸತ್ತೇ ಹೋಗುತ್ತಾರೆ ಎಂದು ಮಗಳು ನನ್ನ ಸೊಂಟ ಹಿಡಿದುಕೊಂಡಿದ್ದಳು. ಅವಳ ಕೈಯ ಹಿಟ್ಟು ನನ್ನ ಸೀರೆಗೆ ಮೆತ್ತಿಕೊಂಡಿತ್ತು. ಅವಳ ಕಣ್ಣಲ್ಲಿದ್ದ ಹೆದರಿಕೆ ಈಗ ಅಪ್ಪನದಲ್ಲ, ನನ್ನದು, ನನ್ನನ್ನು ಕಂಡು ಹೆದರುತ್ತಿದ್ದಳು. ಪರಾತ ಕೆಳಗೆ ಹಾಕಿದೆ. ಅಲ್ಲಿಯವರೆಗೆ ಅವನ ಕೈಯದೆಂದು ನಾನು ಮನಸ್ಸಿನಲ್ಲೇ ಬೈಯುತ್ತಿದ್ದ ಹೊಡೆಯುವ ರುಚಿ ನನ್ನ ಕೈಯಲ್ಲೂ ಇತ್ತು. ಅದನ್ನು ಮರೆಯಬಾರದು ಎಂದೇ ಇಲ್ಲಿ ಬರೆದಿದ್ದೇನೆ.

ಹೊರಗೆ ಪಕ್ಕದ ಮನೆಯ ಮಾವಶಿ ಕದ ಬಡಿಯುತ್ತಿದ್ದಳು. ಮರಾಠಿ ಹೆಂಗಸು, ವಯಸ್ಸಿನಲ್ಲಿ ಅತ್ತೆಯ ಸರೀಕಳು. ಇಷ್ಟು ವರ್ಷ ನಮಗಾಗಿ ಟಿವಿ ಜೋರು ಮಾಡಿದವಳು ಅವಳೇ. "ದಾರ್ ಉಘಡಾ, ಕಾಯ್ ಝಾಲಂ?" ಕದ ತೆಗೆಯಿರಿ, ಏನಾಯಿತು ಎಂದು ಕೂಗುತ್ತಿದ್ದಳು. ಚಿಲಕ ತೆಗೆದದ್ದು ಮಗಳು. ಅತ್ತೆ ಮಗನ ತಲೆಯನ್ನು ಸೀರೆಯಿಂದ ಒತ್ತಿ ಹಿಡಿದು ನೆಲದ ಮೇಲೆ ಕೂತಿದ್ದರು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ, ರಿಕ್ಷಾದಲ್ಲಿ. ಅದೇ ಮುನಿಸಿಪಾಲ್ಟಿ ಆಸ್ಪತ್ರೆ. ಹುಬ್ಬಿಗೆ ಹೊಲಿಗೆ ಹಾಕುತ್ತಾ ಡಾಕ್ಟರ್ ಹೇಗಾಯಿತು ಎಂದು ಕೇಳಿದರು.

"ಮೋರಿ ಮೇಂ ಫಿಸಲ್ ಗಯಾ," ಅಂದ ನನ್ನ ಗಂಡ. ಅವನೂ ಮೋರಿಯಲ್ಲೇ ಜಾರಿಬಿದ್ದನಂತೆ.

ನನಗೆ ನಗು ತಡೆಯಲಾಗಲಿಲ್ಲ. ಪಕ್ಕೆ ನೋಯುತ್ತಿದ್ದರೂ ಬೆಂಚಿನ ಮೇಲೆ ಕೂತು ನಕ್ಕೆ, ನಗುತ್ತಲೇ ಕಣ್ಣೀರು ಹಾಕಿದೆ. ಆಮೇಲೆ ಡಾಕ್ಟರಿಗೆ ಬೆನ್ನು ತೋರಿಸಿ, ನಾನು ಮೋರಿಯಲ್ಲಿ ಜಾರಿಲ್ಲ ಎಂದು ಹೇಳಿದೆ. ಅವರು ಬರೆದುಕೊಂಡರು. ಪೊಲೀಸ್ ಚೌಕಿಗೂ ಹೋಗಿ ಬಂದೆ, ಅಲ್ಲಿಯೂ ಬರೆದುಕೊಂಡರು.

ಮುಂಬೈಯಲ್ಲಿ ನಮ್ಮ ಕಡೆಯವರು ಚೌಕಿಗಿಂತ ಹೆಚ್ಚು ಹೆದರುವುದು ಊರ ಹಿರಿಯರಿಗೆ. ಮುಂದಿನ ವಾರ ಹಿರಿಯರು ಬಂದರು. ಚಾಪೆ ಹಾಸಿ ಕೂತರು, ಹುಬ್ಬಿಗೆ ಪಟ್ಟಿ ಹಾಕಿಕೊಂಡು ಅವನೂ ಅವರ ಪಕ್ಕದಲ್ಲಿ ಕೂತ, ನಾನು ಚಹಾ ಮಾಡಿಕೊಟ್ಟೆ. ಅವರಲ್ಲಿ ದೊಡ್ಡವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಕಾಕಾ ಕಪ್ಪು ಕೆಳಗಿಟ್ಟು ನನ್ನನ್ನು ನೋಡಿದರು.

"ತಂಗೀ, ಗಂಡಸಿನ ಮ್ಯಾಲ ಕೈ ಎತ್ತೂದು ನಮ್ಮ ಪೈಕಿ ಇಲ್ಲ. ಅವನ ಕಾಲ ಮುಟ್ಟು, ತಪ್ಪಾತಂತ ಅನ್ನು. ಇದನ್ನ ಇಲ್ಲಿಗೇ ಮುಗಸೂಣು."

ನಾನು ಕಾಲು ಮುಟ್ಟಲಿಲ್ಲ. ಮುಟ್ಟದಿದ್ದರೆ ಎಲ್ಲಿಗೆ ಹೋಗುತ್ತೇನೆ ಎಂಬುದೂ ಗೊತ್ತಿರಲಿಲ್ಲ. ಖೋಲಿ ಅತ್ತೆಯದು, ಅತ್ತೆ ಅವನವರು. ಮಗಳ ಬಟ್ಟೆಗಳನ್ನು ಆ ಬೆಳಿಗ್ಗೆಯೇ ಚೀಲಕ್ಕೆ ತುಂಬಿ ಮಾಳಾದ ಮೇಲೆ ಇಟ್ಟಿದ್ದೆ. ಕಾಕಾ ಅತ್ತೆಯ ಕಡೆ ತಿರುಗಿದರು.

"ನೀವರೆ ಹೇಳ್ರೆವಾ. ನೀವು ಅಲ್ಲೇ ಇದ್ರಿ. ಏನಾತು?"

ಊರಿನವರು ಕೇಳಿದರೆ ಅತ್ತೆ ಯಾವಾಗಲೂ ಹೇಳುವ ಮಾತು ನನಗೆ ಬಾಯಿಪಾಠವಿತ್ತು. ನನಗೇನೂ ಕೇಳಿಲ್ಲ, ನಾ ರೊಟ್ಟಿ ಬಡಿಯಾಕತ್ತಿದ್ದೆ. ಅವರು ಬಾತ ಮಣಿಕಟ್ಟನ್ನು ಎತ್ತಿ ಕಾಕಾನ ಮುಂದೆ ಹಿಡಿದರು.

"ನನ್ನ ಹೊಡಿಯೂ ಮುಂದ ನಮ್ಮತ್ತಿ ಬಡೀತಿದ್ಲು," ಅಂದರು. "ಇಕಿನ್ನ ಹೊಡಿಯೂ ಮುಂದ ನಾ ಬಡದೆ. ಅವತ್ತ ಆ ಕೂಸಿನ ಕೈಲೆ ಬಡಸೀನಿ. ಕಾಕಾ, ಇನ್ನ ಸಾಕು."

"ಅಂವಾ ನಿಮ್ಮ ಮಗಾ ಅಲ್ಲೇನ್ರೆವಾ?"

"ಮಗಾನ. ಅದಕ್ಕ ಇಷ್ಟ ವರ್ಷ ಬಡದೆ. ಖೋಲಿ ನನ್ನ ಹೆಸರಿಲೆ ಐತಿ. ಅಂವಾ ಮುಲುಂಡಕ್ಕ ಹೋಗಿರ್ಲಿ, ಅವನ ತಂಗೀ ಮನಿಗೆ. ಇಕಿ ಇಲ್ಲೇ ಇರತಾಳ."

ಹಿರಿಯರು ಚಹಾ ಪೂರ್ತಿ ಕುಡಿಯದೆ ಎದ್ದರು. ಅವನು ಅಂದೇ ಸಂಜೆ ಬ್ಯಾಗು ಹಿಡಿದು ಹೋದ.

ಅತ್ತೆ ನನ್ನನ್ನು ತಬ್ಬಿಕೊಂಡು ಮಗಳೇ ಎಂದರು ಎಂದು ಬರೆಯಲು ನನಗೂ ಆಸೆ. ಅವರು ಹಾಗೇನೂ ಮಾಡಲಿಲ್ಲ. ಗೋಡೆಗೆ ಮುಖ ಮಾಡಿ ಮಗನಿಗಾಗಿ ಅತ್ತರು. ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಆಗಾಗ, "ನನ್ನ ಮದವಿ ಪರಾತ ಹಾಳ ಮಾಡಿದ್ಲು," ಎಂದು ತಮ್ಮಷ್ಟಕ್ಕೇ ಗೊಣಗುತ್ತಿದ್ದರು. ಪರಾತ ನಿಜವಾಗಿಯೂ ನೆಗ್ಗಿತ್ತು. ನೆಲದ ಮೇಲಿಟ್ಟರೆ ಒಂದು ಕಡೆ ಎದ್ದು ಕುಣಿಯುತ್ತಿತ್ತು. ಯಾರಿಗೂ ಅದನ್ನು ಗುಜರಿಯವನಿಗೆ ಹಾಕಲು ಮನಸ್ಸು ಬರಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತುಹೋಯಿತು. ನಾನು ಒಮ್ಮೆ ಕೂತು ಬಡಿದು ನೋಡಿದೆ. ಮೊದಲ ಸದ್ದಿಗೇ ಮಗಳು ಮಾಳಾದಿಂದ ದಡದಡ ಇಳಿದು ಬಂದು ಯಾರು, ಯಾರು ಎಂದು ಸುತ್ತ ನೋಡಿದಳು. ಹಿಟ್ಟನ್ನು ಹಾಗೇ ಮುಚ್ಚಿಟ್ಟೆ. ಮರುದಿನ ಮಾಳಾ ಹತ್ತಿ ಹುಡುಕಿ ಹಳೆಯ ಲಟ್ಟಣಿಗೆ ತೆಗೆದೆ. ಲಟ್ಟಿಸಿದ ರೊಟ್ಟಿಗೆ ಸದ್ದಿಲ್ಲ. ಅತ್ತೆಯ ತಾಟಿಗೆ ಹಾಕುವಾಗ ಈಗ ಎಸೆಯುತ್ತಾರೆ ಎಂದುಕೊಂಡೆ. ಅವರು ಮುರಿದು ಪಲ್ಯ ಹಚ್ಚಿ ಉಂಡರು.

"ಇನ್ನೊಂದ ಹಾಕು," ಅಂದರು. ಅವನು ಹೋದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

ಪರೀಕ್ಷೆ ಮುಗಿದ ಮೇಲೆ, ರಜೆಯಲ್ಲಿ ಒಂದು ಸಂಜೆ ನಾನು ಗಾಳಾದಿಂದ ಬಂದಾಗ ಮಗಳು ಹಿಟ್ಟು ಕಲಸಿ ಕೂತಿದ್ದಳು. ಎಸರು ಹಾಕಿಯೇ ಕಲಸಿದ್ದಳು, ಅಜ್ಜಿ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದರು. ನೆಗ್ಗಿದ ಪರಾತದ ಅಡಿಗೆ ಹಳೆ ಬಟ್ಟೆ ಮಡಚಿ ಇಟ್ಟು ಸಮ ಮಾಡಿದ್ದಳು.

"ಯಾಕ? ಲಟ್ಟಸಿದ್ದ ಚೊಲೋನ ಆಗತಾವಲ್ಲ," ಅಂದೆ.

"ಮಮ್ಮಿ, ಮುಝೇ ಆತೀ ಹೈ ನಾ. ಬಡೀತೀನಿ ನಾ. ಸಹೀವಾಲೀ, ಖರೇ ರೊಟ್ಟಿ," ಅಂದಳು. ಎದ್ದು ಹೋಗಿ ಕದ ಪೂರ್ತಿ ತೆರೆದಳು, ಅದು ಮುಚ್ಚಿಕೊಳ್ಳದಂತೆ ನೀರು ತುಂಬಿದ ಬಕೆಟ್ ಒತ್ತಿಟ್ಟಳು, ಆಮೇಲೆ ಬಂದು ಕೂತಳು.

ಉಂಡೆ ಇಟ್ಟು ಬಡಿದಳು. ಗ್ಯಾಲರಿಯ ತುದಿಯವರೆಗೂ ಸದ್ದು ಹೋಯಿತು. ಪಕ್ಕದ ಮನೆಯಲ್ಲಿ ಯಾವುದೋ ಸೀರಿಯಲ್ ನಡೆಯುತ್ತಿತ್ತು, ಯಾರೋ ಅಳುತ್ತಿದ್ದರು. ನಾನು ಗೋಡೆಗೆ ಕಿವಿಗೊಟ್ಟೆ. ಟಿವಿ ಜೋರಾಗಲಿಲ್ಲ. ಸಣ್ಣಗಾಯಿತು, ಆಮೇಲೆ ಪೂರ್ತಿ ನಿಂತಿತು. ಮಾವಶಿ ರಿಮೋಟ್ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದು ನಿಂತಳು. ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ನನ್ನ ಕೈಕಾಲುಗಳನ್ನು ಕಣ್ಣಿನಿಂದಲೇ ಒಂದೊಂದಾಗಿ ತಡವಿದಳು.

"ಮಾವಶಿ, ಭಾಕರೀಚ್ ಆಹೇ," ಬರೀ ರೊಟ್ಟಿ ಎಂದು ಮಗಳು ಬಡಿಯುವುದನ್ನು ನಿಲ್ಲಿಸಿ, ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ತೋರಿಸಿದಳು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಂಚಿಗೆ ಹಾಕಿ ನೀರು ಸವರಿದಳು.

ಮಾವಶಿ ಹೊಸ್ತಿಲ ಮೇಲೆ ಕೂತಳು. ಅತ್ತೆ ಎಡಗೈಯಿಂದ ಒಂದು ತಾಟು ಅವಳ ಮುಂದಕ್ಕೆ ಸರಿಸಿದರು.

ಅವನು ಈಗಲೂ ಕೆಲವು ಭಾನುವಾರ ತಾಯಿಯನ್ನು ನೋಡಲು ಮುಲುಂಡಿನಿಂದ ಬರುತ್ತಾನೆ. ಅವನು ಬಂದರೆ ಮಗಳು ಬಕೆಟ್ ಒತ್ತಿಟ್ಟು ಕದ ತೆರೆದಿಡುತ್ತಾಳೆ, ಅವನು ಬಾಗಿಲ ಹತ್ತಿರ ಕೂತು ಉಂಡು ಹೋಗುತ್ತಾನೆ. ನಾವು ರೊಟ್ಟಿ ಬಡಿಯಲು ಕೂತರೆ ಪಕ್ಕದ ಮನೆಯಲ್ಲಿ ಟಿವಿ ಸಣ್ಣದು ಮಾಡುತ್ತಾರೆ.